ಚಕ್ರವೂ ಒಂದು ಗಿಯರೇ: ದೊಡ್ಡ ಟೈರು ಮತ್ತು ಕ್ಲಚ್ಚಿನ ಇತಿಹಾಸ

ಸುಟ್ಟ ಕ್ಲಚ್ಚಿನ ವಾಸನೆ ನಿಮಗೆ ಪರಿಚಯವಿದೆಯೇ? ಶಿರಾಡಿ ಘಾಟಿಯ ಏರಿನಲ್ಲಿ ಭಾರ ಹೊತ್ತ ಲಾರಿಯ ಹಿಂದೆ ಸಿಕ್ಕಿಕೊಂಡವರಿಗೆ ಅದು ಚೆನ್ನಾಗಿ ಗೊತ್ತಿರುತ್ತದೆ. ಕೆಲವು ವರ್ಷಗಳ ಹಿಂದೆ ಸಕಲೇಶಪುರದ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಆ ವಾಸನೆಯ ದೂರನ್ನೇ ಹೊತ್ತು ಮನೆಗೆ ಬಂದ. ತೋಟದ ಕೆಲಸಕ್ಕೆಂದು ಹಳೆಯ ಜೀಪೊಂದನ್ನು ಕೊಂಡು, ಕಾರ್ಖಾನೆಯಿಂದ ಬಂದ ಟೈರುಗಳನ್ನು ತೆಗೆಸಿ, ಸುಮಾರು ಆರು ಅಂಗುಲ ಹೆಚ್ಚು ವ್ಯಾಸದ ಗುಬಟೆ ಗುಬಟೆ ಟೈರುಗಳನ್ನು ಹಾಕಿಸಿದ್ದ.

"ಸಾರ್, ಒಂದೇ ವರ್ಷದಲ್ಲಿ ಇದು ಮೂರನೇ ಕ್ಲಚ್ ಪ್ಲೇಟು. ಮೆಕ್ಯಾನಿಕ್ಕು ಪ್ಲೇಟು ಡೂಪ್ಲಿಕೇಟು ಅಂತಾನೆ. ಅಂಗಡಿಯವನು ಡ್ರೈವರ್ ಸರಿಯಿಲ್ಲ ಅಂತಾನೆ" ಎಂದ. ಅಷ್ಟೇ ಆಗಿದ್ದರೆ ಖರ್ಚಿನ ಮಾತು. ಹಿಂದಿನ ವಾರ ಕಾಫಿ ಮೂಟೆಗಳನ್ನೂ ಮೂವರು ಆಳುಗಳನ್ನೂ ಹೊತ್ತು ಏರು ಹತ್ತುವಾಗ ಕ್ಲಚ್ ಪೂರ್ತಿ ಜಾರಿ, ಜೀಪು ಹಿಂದಕ್ಕೆ ಉರುಳಿತ್ತು. ಡ್ರೈವರನು ಸಮಯಸ್ಫೂರ್ತಿಯಿಂದ ಅದನ್ನು ದರೆಗೆ ಒರಗಿಸಿ ನಿಲ್ಲಿಸಿದ್ದ. ಇನ್ನೊಂದು ಬದಿಯಲ್ಲಿ ಇದ್ದದ್ದು ಕಣಿವೆ.

ಟೈರು ಏಕೆ ಬದಲಿಸಿದೆ ಎಂದು ಕೇಳಿದೆ. "ದೊಡ್ಡ ಚಕ್ರ ಗುಂಡಿಯನ್ನು ಸಲೀಸಾಗಿ ದಾಟುತ್ತೆ ಅಂತ ಕ್ಲಾಸಿನಲ್ಲಿ ನೀವೇ ಹೇಳಿದ್ರಲ್ಲ ಸಾರ್" ಎಂದ. ಹೌದು, ಹೇಳಿದ್ದೆ. ಬಲಗಳ ಚಿತ್ರವನ್ನೂ ಬರೆದು ತೋರಿಸಿದ್ದೆ. ಹೇಳಿದ್ದು ತಪ್ಪೇನೂ ಅಲ್ಲ, ಆದರೆ ಅದು ಅರ್ಧ ಪಾಠ. ಉಳಿದರ್ಧವನ್ನು ವಾಹನ ತಯಾರಕರು ಸುಮಾರು ನೂರೈವತ್ತು ವರ್ಷಗಳಲ್ಲಿ ಮತ್ತೆ ಮತ್ತೆ ಕಲಿತಿದ್ದಾರೆ. ಆ ಪಾಠದ ಇತಿಹಾಸವನ್ನು ನಿಮ್ಮ ಮುಂದಿಡುವುದು ಈ ಲೇಖನದ ಉದ್ದೇಶ.

ಎತ್ತರದ ಸೈಕಲ್ಲು ಕಲಿಸಿದ ಪಾಠ

1860ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಬಳಕೆಗೆ ಬಂದ ಸೈಕಲ್ಲುಗಳಲ್ಲಿ ಸರಪಳಿ ಇರಲಿಲ್ಲ. ಪೆಡಲುಗಳು ನೇರವಾಗಿ ಮುಂದಿನ ಚಕ್ರದ ಅಚ್ಚಿಗೇ ಜೋಡಣೆಯಾಗಿದ್ದವು. ಪೆಡಲು ಒಂದು ಸುತ್ತು ಸುತ್ತಿದರೆ ಚಕ್ರವೂ ಒಂದೇ ಸುತ್ತು. ಹೀಗಿರುವಾಗ ಹೆಚ್ಚು ವೇಗ ಬೇಕೆಂದರೆ ಏನು ಮಾಡಬೇಕು? ಚಕ್ರವನ್ನೇ ದೊಡ್ಡದು ಮಾಡಬೇಕು. 36 ಅಂಗುಲ ವ್ಯಾಸದ ಚಕ್ರ ಒಂದು ಸುತ್ತಿಗೆ 2.9 ಮೀಟರ್ ಸಾಗಿದರೆ 56 ಅಂಗುಲದ ಚಕ್ರ ಸುಮಾರು 4.5 ಮೀಟರ್ ಸಾಗುತ್ತದೆ. 1870ರ ದಶಕದಲ್ಲಿ ಇಂಗ್ಲೆಂಡಿನ ಜೇಮ್ಸ್ ಸ್ಟಾರ್ಲಿ ಮುಂತಾದವರು ಎತ್ತರದ ಮುಂಚಕ್ರದ ಸೈಕಲ್ಲುಗಳನ್ನು ರೂಪಿಸಿದ್ದು ಇದೇ ಕಾರಣಕ್ಕೆ. ಸವಾರನ ಕಾಲು ಎಷ್ಟು ಉದ್ದವೋ ಚಕ್ರ ಅಷ್ಟು ದೊಡ್ಡದು.

ವೇಗವೇನೋ ಸಿಕ್ಕಿತು. ಆದರೆ ಏರು ಬಂದರೆ ಸವಾರನಿಗೆ ಏದುಸಿರು. ಪೆಡಲನ್ನು ಅದೇ ಬಲದಿಂದ ತುಳಿದರೂ ನೆಲವನ್ನು ಹಿಂದಕ್ಕೆ ತಳ್ಳುವ ಬಲ ಕಡಿಮೆಯಾಗುತ್ತಿತ್ತು. ಸನ್ನೆಯ ನಿಯಮ ನೆನಪಿಸಿಕೊಳ್ಳಿ. ಅಚ್ಚನ್ನು ತಿರುಗಿಸುವ ಟಾರ್ಕನ್ನು ಚಕ್ರದ ತ್ರಿಜ್ಯದಿಂದ ಭಾಗಿಸಿದರೆ ನೆಲದ ಮೇಲೆ ದೊರೆಯುವ ಬಲ ಬರುತ್ತದೆ. ತ್ರಿಜ್ಯ ಹೆಚ್ಚಿದಷ್ಟೂ ಬಲ ಕಡಿಮೆ, ದೂರ ಹೆಚ್ಚು. ಎಂದರೆ ಚಕ್ರವೇ ಒಂದು ಗಿಯರಿನಂತೆ ಕೆಲಸ ಮಾಡುತ್ತಿತ್ತು.

1885ರಲ್ಲಿ ಜೇಮ್ಸ್ ಸ್ಟಾರ್ಲಿಯ ಸೋದರನ ಮಗ ಜಾನ್ ಕೆಂಪ್ ಸ್ಟಾರ್ಲಿ, ಸರಪಳಿಯಿಂದ ಹಿಂಚಕ್ರವನ್ನು ತಿರುಗಿಸುವ ರೋವರ್ ಸೈಕಲ್ಲನ್ನು ತಂದಾಗ ಗಿಯರು ಮತ್ತು ಚಕ್ರ ಬೇರೆ ಬೇರೆಯಾದವು. ಚಕ್ರ ಸಣ್ಣದಾದರೂ ಹಲ್ಲುಗಾಲಿಗಳ ಅನುಪಾತದಿಂದ ಬೇಕಾದ ವೇಗ ಪಡೆಯಬಹುದು ಎಂದಾಯಿತು. ಮೂರು ವರ್ಷಗಳ ಅನಂತರ, 1888ರಲ್ಲಿ, ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದ. ಆದರೂ ಸೈಕಲ್ ಬಲ್ಲವರು ಹಳೆಯ ಲೆಕ್ಕವನ್ನು ಬಿಡಲಿಲ್ಲ. ಇಂದಿಗೂ ಸೈಕಲ್ಲಿನ ಗಿಯರನ್ನು ಅಂಗುಲಗಳಲ್ಲಿ ಹೇಳುವ ರೂಢಿಯುಂಟು. ಚಕ್ರದ ವ್ಯಾಸವನ್ನು ಮುಂದಿನ ಹಲ್ಲುಗಳ ಸಂಖ್ಯೆಯಿಂದ ಗುಣಿಸಿ ಹಿಂದಿನ ಹಲ್ಲುಗಳ ಸಂಖ್ಯೆಯಿಂದ ಭಾಗಿಸಬೇಕು. 28 ಅಂಗುಲದ ಚಕ್ರ, ಮುಂದೆ 44 ಹಲ್ಲು, ಹಿಂದೆ 18 ಹಲ್ಲು ಇದ್ದರೆ ಉತ್ತರ ಸುಮಾರು 68 ಅಂಗುಲ. ಎಂದರೆ ನಿಮ್ಮ ಮನೆಯ ಸಾಧಾರಣ ಸೈಕಲ್ಲು, ಯಾರ ಕಾಲಿಗೂ ಎಟುಕದ 68 ಅಂಗುಲದ ಎತ್ತರದ ಸೈಕಲ್ಲಿಗೆ ಸಮ! ಈ ಲೆಕ್ಕದಲ್ಲಿ ಚಕ್ರದ ವ್ಯಾಸಕ್ಕೂ ಹಲ್ಲುಗಳ ಸಂಖ್ಯೆಗೂ ಸಮಾನ ಸ್ಥಾನವಿರುವುದನ್ನು ಗಮನಿಸಿ. ಮುಂದಿನ ಕಥೆಗೆಲ್ಲ ಇದೇ ಬೀಗದ ಕೈ.

ಜಾರುವುದೇ ಕ್ಲಚ್ಚಿನ ಕೆಲಸ

ಸೈಕಲ್ ಸವಾರ ನಿಂತಲ್ಲಿಂದಲೇ ತುಳಿಯಬಲ್ಲ. ಪೆಟ್ರೋಲ್ ಎಂಜಿನ್ನಿಗೆ ಆ ಶಕ್ತಿಯಿಲ್ಲ. ನಿಂತ ಎಂಜಿನ್ ಯಾವ ಟಾರ್ಕನ್ನೂ ಕೊಡದು. ಅದು ನಿಮಿಷಕ್ಕೆ ಕೆಲವು ನೂರು ಸುತ್ತುಗಳಷ್ಟಾದರೂ ತಿರುಗುತ್ತಲೇ ಇರಬೇಕು. ಇತ್ತ ವಾಹನದ ಚಕ್ರ ನಿಂತಿದೆ. ತಿರುಗುವ ಎಂಜಿನ್ನನ್ನು ನಿಂತ ಚಕ್ರಕ್ಕೆ ಜೋಡಿಸುವುದು ಹೇಗೆ? ಮಧ್ಯೆ ಯಾವುದಾದರೊಂದು ಭಾಗ ಸ್ವಲ್ಪ ಹೊತ್ತು ಜಾರಲೇಬೇಕು.

1886ರ ಕಾರ್ಲ್ ಬೆಂಜ್‌ನ ಮೋಟಾರು ಗಾಡಿಯಲ್ಲಿ ಆ ಕೆಲಸವನ್ನು ಬೆಲ್ಟು ಮಾಡುತ್ತಿತ್ತು. ನಮ್ಮೂರ ಹಿಟ್ಟಿನ ಗಿರಣಿಗಳಲ್ಲಿ ಕೋಲಿನಿಂದ ಬೆಲ್ಟನ್ನು ಸಡಿಲ ಗಾಲಿಯಿಂದ ಬಿಗಿ ಗಾಲಿಗೆ ಸರಿಸುತ್ತಿದ್ದುದನ್ನು ನೋಡಿದ್ದವರಿಗೆ ಅದು ಸುಲಭವಾಗಿ ಅರ್ಥವಾಗುತ್ತದೆ. 1891ರಲ್ಲಿ ಫ್ರಾನ್ಸಿನ ಎಮಿಲ್ ಲೆವಾಸ್ಸೋರ್, ಪನಾರ್ಡ್ ಕಂಪನಿಯ ಕಾರಿನಲ್ಲಿ ಎಂಜಿನ್ನನ್ನು ಮುಂದಿಟ್ಟು, ಅದರ ಹಿಂದೆ ಕ್ಲಚ್, ಕ್ಲಚ್ಚಿನ ಹಿಂದೆ ಗಿಯರ್ ಪೆಟ್ಟಿಗೆ, ಕೊನೆಗೆ ಹಿಂಚಕ್ರ ಎಂಬ ಕ್ರಮವನ್ನು ರೂಢಿಗೆ ತಂದ. ನಮ್ಮ ಲಾರಿ, ಜೀಪುಗಳು ಇಂದಿಗೂ ಬಹುಮಟ್ಟಿಗೆ ಇದೇ ಕ್ರಮವನ್ನು ಅನುಸರಿಸುತ್ತವೆ.

ಮೊದಲ ಕ್ಲಚ್ಚುಗಳು ಶಂಕುವಿನಾಕಾರದವು, ಅವುಗಳ ಹೊದಿಕೆ ತೊಗಲಿನದು. ಹೆಚ್ಚು ಜಾರಿದರೆ ತೊಗಲು ಕರಟಿ ಗಟ್ಟಿಯಾಗುತ್ತಿತ್ತು. 1897ರಲ್ಲಿ ಇಂಗ್ಲೆಂಡಿನ ಹರ್ಬರ್ಟ್ ಫ್ರೂಡ್ ಘರ್ಷಣೆಗೆಂದೇ ವಿಶೇಷ ಹೊದಿಕೆಗಳನ್ನು ತಯಾರಿಸತೊಡಗಿದ. ಮುಂದೆ ಶಾಖ ತಡೆಯುವ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇಂಥ ಹೊದಿಕೆಗಳಿಗೆ ಬಂತು. ಅದರ ಧೂಳು ಶ್ವಾಸಕೋಶಕ್ಕೆ ಮಾರಕವೆಂದು ತಿಳಿದ ಮೇಲೆ ಅನೇಕ ದೇಶಗಳು ಅದನ್ನು ಕೈಬಿಟ್ಟವು. ಹೊದಿಕೆ ಯಾವುದೇ ಇರಲಿ, ಜಾರುವಾಗ ಹುಟ್ಟುವ ಶಾಖವನ್ನು ಅದು ನುಂಗಲೇಬೇಕು. ಆ ಶಾಖ ಎಷ್ಟು?

ಅರ್ಧ ಪಾಲು ಶಾಖಕ್ಕೆ

ಸಮತಟ್ಟಾದ ನೆಲದಲ್ಲಿ ವಾಹನ ನಿಂತಿದೆ ಎನ್ನಿ. ಎಂಜಿನ್ನಿನ ವೇಗ ಬದಲಾಗದಂತೆ ಆಕ್ಸಿಲರೇಟರ್ ಒತ್ತಿ ಹಿಡಿದು, ಕ್ಲಚ್ಚನ್ನು ನಿಧಾನವಾಗಿ ಬಿಡುತ್ತೀರಿ. ಕ್ಲಚ್ ಒಂದೇ ಸಮನಾದ ಟಾರ್ಕನ್ನು ದಾಟಿಸುತ್ತಿದೆ. ಅದರ ಎಂಜಿನ್ ಕಡೆಯ ಮುಖ ಪೂರ್ಣ ವೇಗದಲ್ಲಿ ತಿರುಗುತ್ತಿದೆ. ಗಿಯರ್ ಕಡೆಯ ಮುಖ ಸೊನ್ನೆಯಿಂದ ಆ ವೇಗಕ್ಕೆ ಏರುತ್ತಿದೆ, ಅದರ ಸರಾಸರಿ ವೇಗ ಅರ್ಧ. ಆದ್ದರಿಂದ ಎಂಜಿನ್ ಮಾಡಿದ ಕೆಲಸದಲ್ಲಿ ಅರ್ಧ ಪಾಲು ಮಾತ್ರ ವಾಹನದ ಚಲನಶಕ್ತಿಯಾಗುತ್ತದೆ. ಉಳಿದರ್ಧ ಕ್ಲಚ್ಚಿನಲ್ಲಿ ಶಾಖವಾಗುತ್ತದೆ. ಎಷ್ಟು ನಾಜೂಕಿನ ಡ್ರೈವರನಾದರೂ ಇದನ್ನು ತಪ್ಪಿಸಲಾರ.

ಬ್ಯಾಟರಿಯಿಂದ ಕೆಪಾಸಿಟರನ್ನು ತುಂಬುವಾಗ ಅರ್ಧ ಶಕ್ತಿ ರೋಧಕದಲ್ಲಿ ಶಾಖವಾಗಿ ನಷ್ಟವಾಗುತ್ತದೆಂದು ಪಿ.ಯು. ತರಗತಿಯಲ್ಲಿ ಕಲಿಸುತ್ತೇವಲ್ಲ, ಇದು ಅದರದೇ ಯಾಂತ್ರಿಕ ರೂಪ. ಅಲ್ಲಿ ರೋಧ ಎಷ್ಟೇ ಇರಲಿ, ನಷ್ಟ ಅರ್ಧವೇ. ಇಲ್ಲಿ ಪ್ಲೇಟು ಅಸಲಿಯಿರಲಿ ನಕಲಿಯಿರಲಿ, ಹುಟ್ಟುವ ಶಾಖ ಅಷ್ಟೇ. ತಡೆದುಕೊಳ್ಳುವ ತಾಕತ್ತು ಮಾತ್ರ ಬೇರೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಸಮತಟ್ಟು ನೆಲದಲ್ಲಿ ಕ್ಲಚ್ಚಿನ ಶಾಖ, ಅದು ಜಾರುವುದು ನಿಂತ ಕ್ಷಣದಲ್ಲಿ ವಾಹನಕ್ಕಿರುವ ಚಲನಶಕ್ತಿಗೆ ಸಮ. ಆ ಕ್ಷಣದ ವೇಗ ಯಾವುದರ ಮೇಲೆ ನಿಂತಿದೆ? ಎಂಜಿನ್ನಿನ ವೇಗವನ್ನು ಚಕ್ರದ ತ್ರಿಜ್ಯದಿಂದ ಗುಣಿಸಿ, ಒಟ್ಟು ಗಿಯರ್ ಅನುಪಾತದಿಂದ ಭಾಗಿಸಿದರೆ ಅದು ದೊರೆಯುತ್ತದೆ. ಚಲನಶಕ್ತಿ ವೇಗದ ವರ್ಗಕ್ಕೆ ಅನುಪಾತೀಯ. ಆದ್ದರಿಂದ ಕ್ಲಚ್ಚಿನ ಶಾಖ ಟೈರಿನ ತ್ರಿಜ್ಯದ ವರ್ಗಕ್ಕೆ ಅನುಪಾತೀಯ! ಟೈರು ಶೇಕಡಾ 10ರಷ್ಟು ದೊಡ್ಡದಾದರೆ ಶಾಖ ಶೇಕಡಾ 21ರಷ್ಟು ಹೆಚ್ಚು. ಶೇಕಡಾ 20ರಷ್ಟು ದೊಡ್ಡದಾದರೆ ಶೇಕಡಾ 44ರಷ್ಟು ಹೆಚ್ಚು. ದೊಡ್ಡ ಟೈರು ಭಾರವೂ ಹೌದು. ಆದರೆ ವಾಹನದ ಒಟ್ಟು ತೂಕದ ಮುಂದೆ ಆ ಪಾಲು ಸಣ್ಣದು. ಕ್ಲಚ್ಚನ್ನು ಕಾಡುವುದು ಟೈರಿನ ತೂಕಕ್ಕಿಂತ ಅದರ ತ್ರಿಜ್ಯ.

ಏರಿನಲ್ಲಿ ಕಥೆ ಇನ್ನೂ ಬಿಗಡಾಯಿಸುತ್ತದೆ. ಕ್ಲಚ್ ದಾಟಿಸುವ ಟಾರ್ಕಿನಲ್ಲಿ ಒಂದು ಪಾಲು, ವಾಹನ ಹಿಂದಕ್ಕೆ ಉರುಳದಂತೆ ಹಿಡಿಯುವುದಕ್ಕೇ ಖರ್ಚಾಗುತ್ತದೆ. ಉಳಿದದ್ದಷ್ಟೇ ವೇಗ ಹೆಚ್ಚಿಸಲು ಸಿಗುತ್ತದೆ. ಆದ್ದರಿಂದ ಜಾರುವ ಕಾಲ ಹೆಚ್ಚಾಗುತ್ತದೆ, ಶಾಖವೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಟೈರು ದೊಡ್ಡದಾದಾಗ ಹಿಡಿಯುವ ಪಾಲು ಹೆಚ್ಚಿ, ಉಳಿಕೆ ಕುಗ್ಗುತ್ತದೆ. ಎಂದರೆ ಪೆಟ್ಟು ಎರಡು ಕಡೆಯಿಂದ.

ಜೀಪಿನ ಲೆಕ್ಕ

ಈ ತತ್ತ್ವವನ್ನು ಇತಿಹಾಸದ ಒಂದು ಪ್ರಸಿದ್ಧ ವಾಹನಕ್ಕೆ ಅನ್ವಯಿಸೋಣ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕಾಗಿ 1941ರಿಂದ ತಯಾರಾದ ವಿಲ್ಲಿಸ್ ಎಂಬಿ ಜೀಪು ನಮ್ಮ ಮಲೆನಾಡಿನ ಜೀಪುಗಳ ಮುತ್ತಜ್ಜ. 1940ರ ದಶಕದ ಕೊನೆಗೆ ಮುಂಬಯಿಯ ಮಹೀಂದ್ರಾ ಕಂಪನಿ ವಿಲ್ಲಿಸ್ ಜೀಪುಗಳನ್ನು ಜೋಡಿಸಲು ಆರಂಭಿಸಿದ ಮೇಲೆ ಅದರ ವಂಶ ಇಲ್ಲಿಯೂ ಬೆಳೆಯಿತು.

ಆ ಜೀಪಿನ 2.2 ಲೀಟರ್ ಎಂಜಿನ್ನಿನ ಗರಿಷ್ಠ ಟಾರ್ಕ್ ಸುಮಾರು 142 ನ್ಯೂಟನ್-ಮೀಟರ್. ಮೊದಲ ಗಿಯರಿನ ಅನುಪಾತ 2.67. ಡಿಫರೆನ್ಷಿಯಲ್ಲಿನ ಕ್ರೌನ್ ಚಕ್ರಕ್ಕೆ 39 ಹಲ್ಲು, ಪಿನಿಯನ್ನಿಗೆ 8 ಹಲ್ಲು, ಅನುಪಾತ 4.88. ಎರಡನ್ನೂ ಗುಣಿಸಿದರೆ 13. ಇವಲ್ಲದೆ ಆ ಜೀಪಿನಲ್ಲಿ ಇನ್ನೊಂದು ಪೆಟ್ಟಿಗೆ ಇತ್ತು. ಅದೇ ಟ್ರಾನ್ಸ್‌ಫರ್ ಕೇಸ್. ಎಂಜಿನ್ನಿನ ಶಕ್ತಿಯನ್ನು ಮುಂದಿನ ಚಕ್ರಗಳಿಗೂ ಹಂಚುವ ಜೊತೆಗೆ, ಬೇಕೆಂದಾಗ ಲೋ ರೇಂಜಿನಲ್ಲಿ 1.97ರ ಇನ್ನೊಂದು ಅನುಪಾತವನ್ನು ಅದು ಒದಗಿಸುತ್ತಿತ್ತು. ಅದನ್ನೂ ಸೇರಿಸಿದರೆ ಒಟ್ಟು ಅನುಪಾತ 25.6.

ಜನರು ಮತ್ತು ಸಾಮಾನು ಸೇರಿ ಜೀಪಿನ ರಾಶಿ 1500 ಕಿ.ಗ್ರಾಂ., ಟೈರಿನ ತ್ರಿಜ್ಯ 0.36 ಮೀಟರ್, ಏರು ಐದಕ್ಕೆ ಒಂದು, ಎಂಜಿನ್ನಿನ ವೇಗ ನಿಮಿಷಕ್ಕೆ 2000 ಸುತ್ತು ಎಂದಿಟ್ಟುಕೊಳ್ಳೋಣ. ಗಿಯರುಗಳಲ್ಲಿನ ನಷ್ಟ, ರಸ್ತೆಯ ರೋಧ ಇತ್ಯಾದಿಗಳನ್ನು ಸದ್ಯಕ್ಕೆ ಬಿಟ್ಟುಬಿಡೋಣ. ಏರಿನಲ್ಲಿ ಜೀಪನ್ನು ಹಿಡಿದಿಡಲು ಬೇಕಾದ ಬಲ ಸುಮಾರು 2940 ನ್ಯೂಟನ್. ಇದನ್ನು ತ್ರಿಜ್ಯದಿಂದ ಗುಣಿಸಿ 13ರಿಂದ ಭಾಗಿಸಿದರೆ, ಹಿಡಿದಿಡುವುದಕ್ಕೇ ಕ್ಲಚ್ಚಿನ ಮೇಲೆ 81 ನ್ಯೂಟನ್-ಮೀಟರ್ ಬೇಕು. ವೇಗ ಹೆಚ್ಚಿಸಲು ಉಳಿಯುವುದು 61. ಶೇಕಡಾ 20ರಷ್ಟು ದೊಡ್ಡ ಟೈರು ಹಾಕಿದರೆ ಹಿಡಿದಿಡಲು 98 ಬೇಕು, ಉಳಿಯುವುದು 44 ಮಾತ್ರ. ಒಂದು ಸಲ ನಿಂತಲ್ಲಿಂದ ಹೊರಡುವಾಗ ಕ್ಲಚ್ಚಿನಲ್ಲಿ ಹುಟ್ಟುವ ಶಾಖ ಹೀಗಿದೆ:

ಮೂಲ ಟೈರು, ಸಾಮಾನ್ಯ ಮೊದಲ ಗಿಯರ್: 59 ಕಿಲೊಜೂಲ್
ದೊಡ್ಡ ಟೈರು, ಸಾಮಾನ್ಯ ಮೊದಲ ಗಿಯರ್: 116 ಕಿಲೊಜೂಲ್
ಮೂಲ ಟೈರು, ಲೋ ರೇಂಜಿನ ಮೊದಲ ಗಿಯರ್: 9 ಕಿಲೊಜೂಲ್
ದೊಡ್ಡ ಟೈರು, ಲೋ ರೇಂಜಿನ ಮೊದಲ ಗಿಯರ್: 14 ಕಿಲೊಜೂಲ್

ಟೈರು ಐದನೆಯ ಒಂದು ಪಾಲು ದೊಡ್ಡದಾಯಿತು. ಶಾಖ ಹತ್ತಿರ ಹತ್ತಿರ ಇಮ್ಮಡಿಯಾಯಿತು! 116 ಕಿಲೊಜೂಲ್ ಶಾಖ ಐದು ಕಿಲೊ ಕಬ್ಬಿಣದ ಉಷ್ಣತೆಯನ್ನು ಸುಮಾರು 50 ಡಿಗ್ರಿ ಏರಿಸಬಲ್ಲದು. ತಣಿಯಲು ಬಿಡುವು ಕೊಡದೆ ಒಂದೇ ಏರಿನಲ್ಲಿ ನಾಲ್ಕೈದು ಸಲ ನಿಂತು ಹೊರಟರೆ ಏನಾಗುತ್ತದೆಂದು ನೀವೇ ಊಹಿಸಿ. ಬಿಸಿಯೇರಿದ ಹೊದಿಕೆಯ ಘರ್ಷಣೆ ಕುಗ್ಗುತ್ತದೆ, ಅದರಿಂದ ಇನ್ನಷ್ಟು ಜಾರುತ್ತದೆ, ಇನ್ನಷ್ಟು ಬಿಸಿಯಾಗುತ್ತದೆ. ನನ್ನ ವಿದ್ಯಾರ್ಥಿಯ ಜೀಪಿಗೆ ಆದದ್ದು ಇದೇ. ಪಟ್ಟಿಯ ಕೊನೆಯ ಸಾಲನ್ನೂ ಗಮನಿಸಿ. ದೊಡ್ಡ ಟೈರಿದ್ದರೂ ಲೋ ರೇಂಜಿನಲ್ಲಿ ಹೊರಟರೆ ಶಾಖ ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಆ ಸಣ್ಣ ಸನ್ನೆಕೋಲು ಬರೀ ಕೆಸರಿಗೆ ಎಂಬುದು ಅನೇಕ ಡ್ರೈವರುಗಳ ತಪ್ಪು ಕಲ್ಪನೆ. ಅದು ಕ್ಲಚ್ಚನ್ನು ಕಾಪಾಡುವ ಸನ್ನೆಯೂ ಹೌದು.

ಯುದ್ಧ ಕಲಿಸಿದ್ದು

ಜೀಪಿನ ತಯಾರಕರು ಈ ಲೆಕ್ಕವನ್ನು ಬಲ್ಲವರಾಗಿದ್ದರು. 1945ರಲ್ಲಿ ರೈತರಿಗೆಂದು ಸಿಜೆ-2ಎ ಎಂಬ ಜೀಪನ್ನು ತಂದಾಗ, ಟೈರಿನ ಅಳತೆಯನ್ನು ಹಾಗೇ ಉಳಿಸಿಕೊಂಡು ಗಿಯರುಗಳನ್ನು ಬದಲಿಸಿದರು. ಪಿನಿಯನ್ನಿನ 8 ಹಲ್ಲಿಗೆ ಕ್ರೌನಿನ 43 ಹಲ್ಲು, ಅನುಪಾತ 5.38, ಲೋ ರೇಂಜಿನ ಅನುಪಾತ 1.97ರಿಂದ 2.4ರ ಮೇಲಕ್ಕೆ, ಮೊದಲ ಗಿಯರು 2.8. ಒಟ್ಟು ಅನುಪಾತ 36ನ್ನು ಮೀರಿತು. ನೇಗಿಲು ಎಳೆಯುವ ಕೆಲಸಕ್ಕೆ ಅದು ಬೇಕಿತ್ತು. ಮುಂದೆ 1950ರ ಸೈನಿಕ ಮಾದರಿ ಎಂ-38ಕ್ಕೆ ಇನ್ನೂ ದೊಡ್ಡ ಟೈರು ಹಾಕಿದರು. 6.00-16 ಅಳತೆಯ ಜಾಗಕ್ಕೆ 7.00-16 ಬಂತು. ಆಗ ಯುದ್ಧಕಾಲದ 4.88ಕ್ಕೆ ಮರಳಲಿಲ್ಲ, 5.38ನ್ನೇ ಉಳಿಸಿಕೊಂಡರು. ಟೈರು ದೊಡ್ಡದಾದರೆ ಗಿಯರು ಅದನ್ನು ಸರಿದೂಗಿಸಬೇಕು ಎಂಬ ನಿಯಮ ಇಲ್ಲಿ ಕಣ್ಣಿಗೆ ಕಾಣುತ್ತದೆ.

ಮೆತ್ತನೆಯ ನೆಲವನ್ನು ದಾಟಲು ಇನ್ನೊಂದು ಉಪಾಯವೂ ಅದೇ ಯುದ್ಧದಲ್ಲಿ ಹೊರಬಂತು. 1942ರಲ್ಲಿ ರೂಪುಗೊಂಡ ಡಕ್ ಎಂಬ ಅಮೆರಿಕದ ಲಾರಿ ನೀರಿನಲ್ಲಿ ತೇಲುತ್ತಿತ್ತು, ದಡಕ್ಕೆ ಬಂದು ಮರಳಿನ ಮೇಲೂ ಓಡುತ್ತಿತ್ತು. ಮರಳಿನಲ್ಲಿ ಹೂತುಹೋಗದಿರಲು ಅದಕ್ಕೆ ಅಗಲವಾದ ಟೈರುಗಳಿದ್ದವು. ಜೊತೆಗೆ, ಡ್ರೈವರನು ಕೂತಲ್ಲಿಂದಲೇ ಟೈರಿನ ಗಾಳಿಯನ್ನು ಇಳಿಸುವ, ಏರಿಸುವ ವ್ಯವಸ್ಥೆಯನ್ನು ಅಳವಡಿಸಿದರು. ಗಾಳಿ ಇಳಿಸಿದಾಗ ಟೈರು ಚಪ್ಪಟೆಯಾಗಿ ನೆಲವನ್ನು ಹೆಚ್ಚು ವಿಸ್ತಾರವಾಗಿ ಮುಟ್ಟುತ್ತದೆ, ಒತ್ತಡ ಕಡಿಮೆಯಾಗುತ್ತದೆ. ಇನ್ನೊಂದು ಅನುಕೂಲವೂ ಉಂಟು. ಅಚ್ಚಿನಿಂದ ನೆಲಕ್ಕಿರುವ ಎತ್ತರ ತುಸು ತಗ್ಗುವುದರಿಂದ ಗಿಯರು ಕೆಡುವುದಿಲ್ಲ. ದೊಡ್ಡ ಟೈರು ಹಾಕಿ ಪಡೆಯುವ ಲಾಭದ ಒಂದು ಪಾಲನ್ನು ಹೀಗೆ ಕ್ಲಚ್ಚಿಗೆ ಹೊರೆಯಾಗದಂತೆ ಪಡೆಯಬಹುದು. ಗಟ್ಟಿ ರಸ್ತೆಗೆ ಬಂದೊಡನೆ ಮತ್ತೆ ಗಾಳಿ ತುಂಬಬೇಕು, ಅಷ್ಟೇ.

ಬಿಗ್‌ಫುಟ್ ಮುರಿದುಕೊಂಡ ಅಚ್ಚುಗಳು

ಯುದ್ಧದ ಅನಂತರ ಅಮೆರಿಕದಲ್ಲಿ ಕಾಡುಮೇಡುಗಳಲ್ಲಿ ವಾಹನ ಓಡಿಸುವುದು ಹವ್ಯಾಸವಾಗಿ ಬೆಳೆಯಿತು. ಅಲ್ಲಿ ಟ್ರಕ್ ಎಂದರೆ ಹೆಚ್ಚಾಗಿ, ಹಿಂದೆ ತೆರೆದ ಪೆಟ್ಟಿಗೆಯಿರುವ ಪಿಕಪ್. ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ಬಳಿಯ ಬಾಬ್ ಚಾಂಡ್ಲರ್ ಎಂಬಾತ 1970ರ ದಶಕದಲ್ಲಿ ತನ್ನ ಫೋರ್ಡ್ ಪಿಕಪ್ಪಿಗೆ ದೊಡ್ಡ ದೊಡ್ಡ ಟೈರುಗಳನ್ನು ಹಾಕುತ್ತ ಹೋದ. ಬಿಡಿಭಾಗಗಳು ಮುರಿಯುತ್ತ ಹೋದವು. ಆಕ್ಸಿಲರೇಟರಿನ ಮೇಲೆ ಅವನ ಪಾದ ಭಾರವೆಂದು ಸ್ನೇಹಿತನೊಬ್ಬ ಮಾಡಿದ ತಮಾಷೆಯಿಂದಲೇ ವಾಹನಕ್ಕೆ ಬಿಗ್‌ಫುಟ್ ಎಂಬ ಹೆಸರು ಬಂತು. ಟೈರು 48 ಅಂಗುಲಕ್ಕೆ ಬಂದಾಗ ಸೈನ್ಯದ ಭಾರಿ ಟ್ರಕ್ಕುಗಳ ಆಕ್ಸಲುಗಳನ್ನೇ ಜೋಡಿಸಬೇಕಾಯಿತು. 1981ರಲ್ಲಿ ಅದು ಗುಜರಿ ಕಾರುಗಳ ಮೇಲೆ ಹತ್ತಿ ಅವನ್ನು ಅಪ್ಪಚ್ಚಿ ಮಾಡಿದ ಮೇಲೆ ಮಾನ್‌ಸ್ಟರ್ ಟ್ರಕ್ ಎಂಬ ಹೊಸ ಪ್ರದರ್ಶನವೇ ಹುಟ್ಟಿತು. ಟೈರು ಮುಂದೆ 66 ಅಂಗುಲವಾಯಿತು.

ಅಚ್ಚುಗಳು ಮುರಿದದ್ದೇಕೆ? ಕ್ಲಚ್ಚಿನ ಶಾಖಕ್ಕಿಂತ ಇದು ಬೇರೆಯ ಸಂಗತಿ. ಟೈರು ನೆಲದ ಮೇಲೆ ಜಾರಬೇಕಾದರೆ, ಘರ್ಷಣೆಯ ಗರಿಷ್ಠ ಬಲವನ್ನು ತ್ರಿಜ್ಯದಿಂದ ಗುಣಿಸಿದಷ್ಟು ಟಾರ್ಕ್ ಬೇಕು. ಸಣ್ಣ ಟೈರು ಬೇಗ ಜಾರಿ ಅಚ್ಚನ್ನು ಉಳಿಸುತ್ತದೆ. ದೊಡ್ಡ ಟೈರು ಜಾರುವ ಮೊದಲೇ ಅಚ್ಚು ತಿರುಚಿಕೊಂಡು ಮುರಿಯುತ್ತದೆ. ಕ್ಲಚ್, ಅಚ್ಚು, ಟೈರು ಇವು ಒಂದು ಸರಪಳಿಯ ಕೊಂಡಿಗಳು. ಎಲ್ಲಿ ಬಲಹೀನವೋ ಅಲ್ಲಿ ಪೆಟ್ಟು.

ಅದಕ್ಕೇ ತಿಳಿದ ಹವ್ಯಾಸಿಗಳು ಟೈರಿನ ಜೊತೆಗೆ ಕ್ರೌನ್ ಮತ್ತು ಪಿನಿಯನ್ನನ್ನೂ ಬದಲಿಸುತ್ತಾರೆ. ಸೂತ್ರ ಸರಳ. ಹೊಸ ಅನುಪಾತ = ಹಳೆಯ ಅನುಪಾತ × ಹೊಸ ವ್ಯಾಸ ÷ ಹಳೆಯ ವ್ಯಾಸ. ಮೊದಲು 29 ಅಂಗುಲದ ಟೈರು ಮತ್ತು 3.73ರ ಅನುಪಾತವಿದ್ದ ವಾಹನಕ್ಕೆ 35 ಅಂಗುಲದ ಟೈರು ಹಾಕಿದರೆ 4.5 ಬೇಕು. ಪೇಟೆಯಲ್ಲಿ ಸಿಗುವ 4.56 ಇದಕ್ಕೆ ಒಪ್ಪುತ್ತದೆ. 2003ರಲ್ಲಿ ಬಂದ ರೂಬಿಕಾನ್ ಎಂಬ ಜೀಪಿನಲ್ಲಿ ಕಾರ್ಖಾನೆಯವರೇ ಲೋ ರೇಂಜಿನ ಅನುಪಾತವನ್ನು 4ಕ್ಕೆ ಏರಿಸಿದರು. 1.97ರಿಂದ 2.4, ಅಲ್ಲಿಂದ 4. ಅರುವತ್ತು ವರ್ಷಗಳ ಪ್ರಯಾಣವನ್ನು ಈ ಮೂರು ಅಂಕಿಗಳೇ ಹೇಳುತ್ತವೆ.

ಚಕ್ರದೊಳಗೇ ಗಿಯರು

ಇನ್ನೊಂದು ದಾರಿ, ಗಿಯರನ್ನು ಚಕ್ರದ ಗುಂಭದಲ್ಲೇ ಇಡುವುದು. ಮೊದಲ ಮಹಾಯುದ್ಧದ ಕಾಲದ ಜೆಫರಿ ಕ್ವಾಡ್ ಎಂಬ ಟ್ರಕ್ಕಿನಲ್ಲಿ ಪ್ರತಿ ಚಕ್ರದಲ್ಲೂ ಹಲ್ಲುಚಕ್ರಗಳಿದ್ದವು. ಜರ್ಮನಿಯಲ್ಲಿ 1948ರಿಂದ ತಯಾರಾದ ಉನಿಮಾಗ್ ವಾಹನದ ಗುಂಭಗಳಲ್ಲೂ ಅಂಥ ವ್ಯವಸ್ಥೆಯಿತ್ತು. ಇದರಿಂದ ಎರಡು ಲಾಭ. ಅಚ್ಚು ಚಕ್ರದ ಮಧ್ಯಕ್ಕಿಂತ ಮೇಲೆ ನಿಲ್ಲುವುದರಿಂದ, ಟೈರು ದೊಡ್ಡದಾಗದೆಯೇ ವಾಹನದ ಹೊಟ್ಟೆ ನೆಲದಿಂದ ಮೇಲೇಳುತ್ತದೆ. ಟಾರ್ಕು ಕೊನೆಯ ಕ್ಷಣದಲ್ಲಿ ಹೆಚ್ಚುವುದರಿಂದ ಅಚ್ಚಿನ ಮೇಲಿನ ಹೊರೆ ಇಳಿಯುತ್ತದೆ.

ಗಣಿಗಳಲ್ಲಿ ಕೆಲಸ ಮಾಡುವ ದೈತ್ಯ ಡಂಪರುಗಳನ್ನು ನೀವು ನೋಡಿರಬಹುದು. ಮೈಸೂರಿನ ಬಿಇಎಂಎಲ್ ಕಾರ್ಖಾನೆಯಲ್ಲೂ ಅವು ತಯಾರಾಗುತ್ತವೆ. ಆಳೆತ್ತರದ ಚಕ್ರಗಳ ಇಂಥ ವಾಹನಗಳಿಗೆ ಒಣ ಪ್ಲೇಟಿನ ಕ್ಲಚ್ಚನ್ನು ನಂಬಿದರೆ ಒಂದು ದಿನವೂ ಬಾಳದು. ಇವುಗಳಲ್ಲಿ ಸಾಮಾನ್ಯವಾಗಿ ಗುಂಭದಲ್ಲಿ ಗ್ರಹಚಕ್ರ ಗಿಯರುಗಳೂ, ಎಂಜಿನ್ನಿನ ಬಳಿ ಟಾರ್ಕ್ ಕನ್ವರ್ಟರೂ ಇರುತ್ತವೆ. ಜರ್ಮನಿಯ ಹರ್ಮನ್ ಫಾಟಿಂಗರ್ 1905ರಲ್ಲಿ ಹಡಗುಗಳಿಗಾಗಿ ಪೇಟೆಂಟ್ ಪಡೆದ ಸಾಧನ ಇದು. ಇದರಲ್ಲಿ ಜಾರುವುದು ಎಣ್ಣೆ. ಶಾಖ ಹುಟ್ಟದೆ ಇರುವುದಿಲ್ಲ, ಆದರೆ ಬಿಸಿಯಾದ ಎಣ್ಣೆಯನ್ನು ಹೊರಗೆ ಹರಿಸಿ ತಣಿಸಬಹುದು. ಇಂದಿನ ಮಾನ್‌ಸ್ಟರ್ ಟ್ರಕ್ಕುಗಳಲ್ಲೂ ಇಂಥದೇ ಏರ್ಪಾಡು.

ಕ್ಲಚ್ಚೇ ಇಲ್ಲದ ಉದಾಹರಣೆ ಬೇಕೆ? 1971ರಲ್ಲಿ ಅಪೊಲೊ-15ರ ಯಾತ್ರಿಗಳು ಚಂದ್ರನ ಮೇಲೆ ಓಡಿಸಿದ ವಾಹನದ ಚಕ್ರಗಳು ಸುಮಾರು 81 ಸೆಂಟಿಮೀಟರ್ ವ್ಯಾಸದ ತಂತಿಬಲೆಯವು. ಪ್ರತಿ ಚಕ್ರದಲ್ಲೂ ಒಂದು ವಿದ್ಯುತ್ ಮೋಟಾರು, ಅದರ ಜೊತೆಗೆ 80ಕ್ಕೆ 1 ಅನುಪಾತದ ಗಿಯರು. ವಿದ್ಯುತ್ ಮೋಟಾರು ನಿಂತಲ್ಲಿಂದಲೇ ಟಾರ್ಕ್ ಕೊಡುವುದರಿಂದ ಏನೂ ಜಾರಬೇಕಾಗಿಲ್ಲ. ಆದರೆ ಅಲ್ಲಿಯೂ ತ್ರಿಜ್ಯಕ್ಕೆ ತಕ್ಕ ಅನುಪಾತ ಬೇಕೇ ಬೇಕು. ಕ್ಲಚ್ ಹೋಗಬಹುದು, ಸನ್ನೆಯ ನಿಯಮ ಹೋಗುವುದಿಲ್ಲ.

ಅರ್ಧ ಪಾಠದ ಉಳಿದರ್ಧ

ದೊಡ್ಡ ಟೈರಿನ ಲಾಭಗಳು ಸುಳ್ಳಲ್ಲ. ಅದು ಮೆಟ್ಟಿಲಿನಂಥ ಅಡ್ಡಿಯನ್ನು ಸುಲಭವಾಗಿ ಹತ್ತುತ್ತದೆ, ಕೆಸರಿನಲ್ಲಿ ಕಡಿಮೆ ಹೂಳುತ್ತದೆ. ವ್ಯಾಸ ಆರು ಅಂಗುಲ ಹೆಚ್ಚಿದರೆ ಅಚ್ಚು ಮೂರು ಅಂಗುಲ ಮೇಲೇಳುತ್ತದೆ. ಆದರೆ ಬೆಲೆಯನ್ನು ಕ್ಲಚ್ ಮಾತ್ರವಲ್ಲ, ಬ್ರೇಕೂ ತೆರುತ್ತದೆ. ಬ್ರೇಕಿನ ಟಾರ್ಕ್ ಅಷ್ಟೇ ಇದ್ದು ತ್ರಿಜ್ಯ ಹೆಚ್ಚಿದರೆ, ವಾಹನವನ್ನು ತಡೆಯುವ ಬಲ ಕಡಿಮೆಯಾಗುತ್ತದೆ. ಸ್ಪೀಡೋಮೀಟರು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತದೆ. ವಾಹನದ ಗುರುತ್ವಕೇಂದ್ರ ಮೇಲೇರಿ ಮಗುಚುವ ಭಯ ಹೆಚ್ಚುತ್ತದೆ. ನಮ್ಮ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ವಾಹನದ ಮಾರ್ಪಾಡುಗಳಿಗೆ ಕಡಿವಾಣ ಹಾಕಿರುವುದರ ಹಿಂದೆ ಇಂಥ ಕಾರಣಗಳಿವೆ.

ನನ್ನ ವಿದ್ಯಾರ್ಥಿಯ ಜೊತೆ ಕೂತು ಈ ಲೆಕ್ಕವನ್ನೆಲ್ಲ ಕಾಗದದ ಮೇಲೆ ಮಾಡಿದೆವು. ಕೊನೆಯ ಅಂಕಿ ಬಂದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಮೆಕ್ಯಾನಿಕ್ಕೂ ಅಂಗಡಿಯವನೂ ಇಬ್ಬರೂ ನಿರಪರಾಧಿಗಳು ಸಾರ್" ಎಂದ. ಮುಂದಿನ ತಿಂಗಳು ಮೂಲ ಅಳತೆಯ ಟೈರುಗಳನ್ನೇ ಮತ್ತೆ ಹಾಕಿಸಿದ. ತೋಟದ ಕೆಸರಿನ ಏರಿನಲ್ಲಿ ಲೋ ರೇಂಜು ಬಳಸಲು ಡ್ರೈವರನಿಗೆ ಹೇಳಿಕೊಟ್ಟ. ಹಳೆಯ ಜೀಪುಗಳಲ್ಲಿ ಲೋ ರೇಂಜು ಹಾಕಿದಾಗ ಮುಂದಿನ ಅಚ್ಚೂ ಜೋಡಣೆಯಾಗುವುದರಿಂದ, ಗಟ್ಟಿಯಾದ ಒಣ ರಸ್ತೆಯಲ್ಲಿ ಅದನ್ನು ಬಳಸಬಾರದೆಂಬ ಎಚ್ಚರಿಕೆಯನ್ನೂ ಕೊಟ್ಟೆ.

ಅಧ್ಯಾಪಕ ಮಿತ್ರರಲ್ಲಿ ಒಂದು ವಿನಂತಿ. ಈ ಪಾಠಕ್ಕೆ ಜೀಪು ಬೇಕಿಲ್ಲ. ಶಾಲೆಯ ಅಂಗಳದಲ್ಲಿ ನಿಂತಿರುವ ಸೈಕಲ್ಲುಗಳಲ್ಲಿ ಎರಡು ಬೇರೆ ಬೇರೆ ಅಳತೆಯವನ್ನು ಆರಿಸಿ. ಮಕ್ಕಳಿಂದಲೇ ಹಲ್ಲುಗಳನ್ನು ಎಣಿಸಿ, ಚಕ್ರದ ವ್ಯಾಸವನ್ನು ಅಳೆಸಿ, ಪ್ರತಿ ಸೈಕಲ್ಲಿನ ಗಿಯರನ್ನು ಅಂಗುಲಗಳಲ್ಲಿ ಲೆಕ್ಕ ಹಾಕಿಸಿ. ಪೆಡಲಿನ ಒಂದು ಸುತ್ತಿಗೆ ಸೈಕಲ್ಲು ಎಷ್ಟು ದೂರ ಸಾಗಿತೆಂದು ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ, ಲೆಕ್ಕಕ್ಕೆ ಹೋಲಿಸಿ ನೋಡಲಿ. ಆಮೇಲೆ ಎರಡನ್ನೂ ಹತ್ತಿರದ ಒಂದು ಏರಿನಲ್ಲಿ ತುಳಿಯಲಿ. ಚಕ್ರವೂ ಒಂದು ಗಿಯರೇ ಎಂಬುದನ್ನು ಅವರ ಮೊಣಕಾಲುಗಳೇ ಹೇಳುತ್ತವೆ.